ಬ್ಯಾಕ್‌ಲಿಂಕ್ ಕೊಂಡ ಮೇಲೆ ಸೈಟ್ ಗೂಗಲ್‌ನಲ್ಲಿ ಕೆಳಗೆ ಹೋಗಿದೆ, ಏನು ಮಾಡಲಿ? (ಬಗೆಹರಿದಿದೆ)

ಸೆರಗುದಡಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ ಸೀರೆ ಮಾರುವ ಚಿಕ್ಕ ಸೈಟ್, ವರ್ಡ್‌ಪ್ರೆಸ್‌ನಲ್ಲಿದೆ. ಮಗ್ಗ ಅಪ್ಪ ನೋಡಿಕೊಳ್ಳುತ್ತಾರೆ, ಸೈಟ್ ನನ್ನ ತಲೆಗೆ. ‘ಇಳಕಲ್ ಸೀರೆ ಕೊಂಡಿ’ (ಸೀರೆಯ ಮೈಗೆ ಸೆರಗು ಸೇರಿಸುವ ಕುಣಿಕೆ) ಅಂತ ಹುಡುಕಿದರೆ ಎರಡು ವರ್ಷ ಮೊದಲ ಪುಟದಲ್ಲೇ ಇದ್ದೆವು. ಈಗ ನಾಲ್ಕನೇ ಪುಟದವರೆಗೆ ಹೋದರೂ ಸಿಗುವುದಿಲ್ಲ.

ತಪ್ಪು ನನ್ನದೇ ಇರಬೇಕು. ಆರ್ಡರ್ ಸ್ವಲ್ಪ ಕಡಿಮೆ ಆಗಿತ್ತು. ಫೆಬ್ರವರಿಯಲ್ಲಿ ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ‘500 ಬ್ಯಾಕ್‌ಲಿಂಕ್, 3,500 ರೂಪಾಯಿ, ಒಂದೇ ತಿಂಗಳಲ್ಲಿ ಟಾಪ್’ ಅಂದರು, ಅಂದರೆ ಬೇರೆ ಸೈಟುಗಳಿಂದ ನಮ್ಮ ಸೈಟ್‌ಗೆ ಲಿಂಕ್. ಕೊಟ್ಟುಬಿಟ್ಟೆ. ಒಂದು ಎಕ್ಸೆಲ್ ಶೀಟ್ ಬಂತು. ತೆರೆದು ನೋಡಿದರೆ ಕ್ಯಾಸಿನೊ, ಟೈರ್ ಅಂಗಡಿ, ಓದಲು ಬಾರದ ಭಾಷೆಯ ಔಷಧಿ ಸೈಟುಗಳು. ಎಲ್ಲದರಲ್ಲೂ ನಮ್ಮ ಲಿಂಕ್‌ನ ಪದ ಅದೇ ‘ಬೆಸ್ಟ್ ಸ್ಯಾರೀಸ್ ಆನ್‌ಲೈನ್’. ಡಿಸ್‌ಅವೋ ಫೈಲ್ (‘ಈ ಲಿಂಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಗೂಗಲ್‌ಗೆ ಕೊಡುವ ಪಟ್ಟಿ) ಹಾಕಿದರೆ ಸರಿಹೋಗುತ್ತಾ?

ಗಿರ್ಮಿಟ್:
ಕೊಂಡಿ ಹಾಕುವ ಮನೆಯವರೇ ಕೊಂಡಿ ಕೊಂಡರಾ ಅಕ್ಕಾ! ಇದು ಪೆಂಗ್ವಿನ್ ಹೊಡೆತ, ಕೆಟ್ಟ ಲಿಂಕ್ ಹಿಡಿಯುವ ಗೂಗಲ್‌ನ ಅಪ್‌ಡೇಟ್. ಕೂಡಲೇ ಡಿಸ್‌ಅವೋ ಹಾಕಿ. ಆಮೇಲೆ ಡಿಎ (ಡೊಮೇನ್ ಅಥಾರಿಟಿ, ಸೈಟ್‌ನ ತೂಕದ ಅಂಕ) 50 ದಾಟಿದ ಸೈಟುಗಳಲ್ಲಿ ಹತ್ತೇ ಹತ್ತು ಒಳ್ಳೆ ಲಿಂಕ್ ಕೊಂಡರೆ ಸಾಕು.

ಹಳೇಮೋಡೆಮ್:
ಸ್ವಲ್ಪ ತಡೆಯಿರಿ, ಎರಡೂ ಬೇಡ.

ಪೆಂಗ್ವಿನ್ 2012ರ ಏಪ್ರಿಲ್‌ನಲ್ಲಿ ಬಂದಾಗ ಇಂಥ ಲಿಂಕ್ ಇದ್ದ ಸೈಟುಗಳು ನಿಜಕ್ಕೂ ನೆಲ ಕಚ್ಚಿದ್ದವು. 2016ರ ಸೆಪ್ಟೆಂಬರ್ ನಂತರ ಗೂಗಲ್ ಇವನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿಮ್ಮ ದುಡ್ಡು ನೀರಿಗೆ ಹೋಗಿದೆ, ಆದರೆ ಅಷ್ಟಕ್ಕೇ ಸೈಟ್ ಮುಳುಗಿರುವುದು ಅನುಮಾನ. ಇನ್ನು ಡಿಎ ಅನ್ನುವುದು ಮಾಜ್ ಕಂಪನಿ ತಾನೇ ಮಾಡಿಕೊಂಡ ಅಳತೆ. ಗೂಗಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸಾಧನ) ‘ಮ್ಯಾನುಯಲ್ ಆ್ಯಕ್ಷನ್ಸ್’, ಅಂದರೆ ಗೂಗಲ್‌ನವರೇ ನೋಡಿ ಹಾಕಿದ ದಂಡದ ಪುಟ, ತೆರೆದು ಅಲ್ಲಿ ಏನಾದರೂ ಬರೆದಿದೆಯಾ ನೋಡಿ. ಪರ್ಫಾರ್ಮೆನ್ಸ್‌ನಲ್ಲಿ 16 ತಿಂಗಳ ಗ್ರಾಫ್ ಹಾಕಿಕೊಂಡು ಯಾವ ತಾರೀಖಿನಿಂದ ಇಳಿದಿದೆ ಅಂತ ಹೇಳಿ. ಆ ಸುಮಾರಿಗೆ ಸೈಟ್‌ನಲ್ಲಿ ಏನಾದರೂ ಬದಲಾಯಿಸಿದ್ದೀರಾ?

ಸೆರಗುದಡಿ:
ಮ್ಯಾನುಯಲ್ ಆ್ಯಕ್ಷನ್ ಏನೂ ಇಲ್ಲ ಸರ್. ಆದರೆ ಗ್ರಾಫ್ ನೋಡಿ ನನಗೇ ಗಾಬರಿ ಆಯಿತು. ಜನವರಿ ಮೂರನೇ ವಾರದಲ್ಲೇ ಇಳಿದಿದೆ, ಅಂದರೆ ಲಿಂಕ್ ಕೊಳ್ಳುವ ಮೊದಲೇ! ಆರ್ಡರ್ ಕಡಿಮೆ ಆಗಿದ್ದೂ ಅದಕ್ಕೇ ಅನ್ನಿಸುತ್ತೆ.

ಅದೇ ವಾರ ಒಬ್ಬ ಹುಡುಗನ ಕೈಲಿ ಸೈಟ್ ಹೊಸದು ಮಾಡಿಸಿದ್ದೆವು. ಹೊಸ ಹೋಸ್ಟಿಂಗ್, ಹೊಸ ವರ್ಡ್‌ಪ್ರೆಸ್. ಹಳೆ ಪುಟಗಳನ್ನು ಕಾಪಿ ಮಾಡಿ ಹಾಕಿದ. ಮೊದಲು ಪುಟದ ವಿಳಾಸ ಕನ್ನಡದಲ್ಲಿತ್ತು, ಈಗ ಇಂಗ್ಲಿಷ್‌ನಲ್ಲಿದೆ.

ಹಳೇಮೋಡೆಮ್:
ಸಿಕ್ಕಿತು ನೋಡಿ. ಅದೇ ಸರ್ಚ್ ಕನ್ಸೋಲ್‌ನ ‘ಲಿಂಕ್ಸ್’ ವರದಿಯಲ್ಲಿ ಹೊರಗಿನವರು ನಿಮ್ಮ ಯಾವ ಪುಟಕ್ಕೆ ಜಾಸ್ತಿ ಲಿಂಕ್ ಕೊಟ್ಟಿದ್ದಾರೆ ಅಂತ ಪಟ್ಟಿ ಇರುತ್ತದೆ. ಮೇಲಿನ ಐದನ್ನು ಒಂದೊಂದಾಗಿ ತೆರೆದು ನೋಡಿ.

ಸೆರಗುದಡಿ:
ಐದರಲ್ಲಿ ನಾಲ್ಕು ‘ಪುಟ ಸಿಗಲಿಲ್ಲ’ 🙁

ಮೊದಲನೆಯದು ನಮ್ಮ ಕೊಂಡಿ ಪುಟ. ಸೀರೆಯ ಮೈ ಹಾಸಿಗೂ (ಮಗ್ಗದ ಉದ್ದದ ಎಳೆಗಳು) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುವುದನ್ನು ಹತ್ತು ಫೋಟೊದಲ್ಲಿ ತೋರಿಸಿದ್ದೆ. ಅದಕ್ಕೆ 41 ಸೈಟುಗಳಿಂದ ಲಿಂಕ್ ಇತ್ತಂತೆ. ಒಂದು ಡಿಸೈನ್ ಕಾಲೇಜಿನ ಪಾಠದ ಪುಟ, ಕೈಮಗ್ಗದ ಬಗ್ಗೆ ಬರೆಯುವ ನಾಲ್ಕೈದು ಜನ, ಹೊರದೇಶದ ಒಂದು ಕನ್ನಡ ಕೂಟ. ಇವರ್ಯಾರನ್ನೂ ನಾನು ಕೇಳಿರಲೇ ಇಲ್ಲ.

ಹಳೇಮೋಡೆಮ್:
ಸೀರೆ, ನೇಯ್ಗೆ ಬಗ್ಗೆ ಬರೆಯುವವರು ತಾವಾಗಿ ಕೊಟ್ಟ ಲಿಂಕ್ ಅವು. ಅಂಥ 41 ಲಿಂಕ್ ಮುಚ್ಚಿದ ಬಾಗಿಲಿಗೆ ಬಂದು ನಿಂತಿವೆ, ನೀವು ಟೈರ್ ಅಂಗಡಿಯಿಂದ ಲಿಂಕ್ ತಂದಿದ್ದೀರಿ.

ಅವು ಪೋಸ್ಟ್‌ಗಳಾಗಿದ್ದು ಹಳೆ ಸೈಟ್‌ನಲ್ಲೇ ವಿಳಾಸ ಬದಲಾಯಿಸಿದ್ದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ತಾನೇ ಹೊಸದಕ್ಕೆ ಕಳಿಸುತ್ತಿತ್ತು. ಹೊಸ ವರ್ಡ್‌ಪ್ರೆಸ್‌ಗೆ ಕಾಪಿ ಮಾಡಿದ್ದರಿಂದ ಅಂಥ ನೆನಪು ಅಲ್ಲಿ ಇಲ್ಲ. ‘ರಿಡೈರೆಕ್ಷನ್’ ಪ್ಲಗಿನ್ ಹಾಕಿ, ಪ್ರತಿ ಹಳೆ ವಿಳಾಸದಿಂದ ಅದದೇ ಹೊಸ ಪುಟಕ್ಕೆ 301, ಅಂದರೆ ‘ವಿಳಾಸ ಶಾಶ್ವತವಾಗಿ ಬದಲಾಗಿದೆ’ ಅಂತ ತಿಳಿಸುವ ತಿರುವು, ಕೊಡಿ. ಸುಮ್ನೆ ಎಲ್ಲವನ್ನೂ ಹೋಮ್ ಪೇಜ್‌ಗೆ ತಿರುಗಿಸಬೇಡಿ, ಗೂಗಲ್ ಅದನ್ನೂ ಸಿಗದ ಪುಟ ಅಂತಲೇ ಎಣಿಸಬಹುದು.

ಸೆರಗುದಡಿ:
ಮೂರು ಸರಿಹೋದವು. ಕೊಂಡಿ ಪುಟವೇ ಹೋಗುತ್ತಿಲ್ಲ! ಎರಡು ಸಲ ಟೈಪ್ ಮಾಡಿದೆ, ಅಕ್ಷರಕ್ಕೆ ಅಕ್ಷರ ಒಂದೇ ಇದೆ.

ಕಾಗುಣಿತ:
ಟೈಪ್ ಮಾಡಬೇಡಿ ಮೇಡಂ, ಅಲ್ಲೇ ಇರುವುದು ತೊಂದರೆ. ‘ಕೊ’ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಥರ ಕಂಡರೂ ಸರ್ವರ್‌ಗೆ ಅವು ಬೇರೆ ಬೇರೆ ವಿಳಾಸ. ಲಿಂಕ್ಸ್ ವರದಿಯಿಂದಲೇ ವಿಳಾಸ ಕಾಪಿ ಮಾಡಿ ಅಂಟಿಸಿ. ಪರ್ಸೆಂಟ್ ಗುರುತುಗಳ ಉದ್ದದ ಸಾಲು ಬಂದರೆ ಹೆದರಬೇಡಿ, ಕನ್ನಡದ ಒಂದೊಂದು ಕೋಡ್‌ಗೂ ಅಲ್ಲಿ ಪರ್ಸೆಂಟ್ ಗುರುತೂ ಸೇರಿ 9 ಅಕ್ಷರ ಬೇಕು.

ಸೆರಗುದಡಿ:
ಆಯಿತು!! ನಿಮ್ಮ ಕೈಗೆ ಕರದಂಟು ಕೊಡಬೇಕು. ಇನ್ನು ಆ 500 ಕಸ ಏನು ಮಾಡಲಿ? ಹೊಸ ಲಿಂಕ್ ಬೇಕೆಂದರೆ ಏನು ದಾರಿ?

ಹಳೇಮೋಡೆಮ್:
ಕಸವನ್ನು ಹಾಗೇ ಬಿಡಿ. ಮ್ಯಾನುಯಲ್ ಆ್ಯಕ್ಷನ್ ಬಂದಿದ್ದರೆ ಡಿಸ್‌ಅವೋ ಬೇಕಿತ್ತು. ಈಗ ಅದನ್ನು ಹಾಕಲು ಹೋಗಿ ಕೈತಪ್ಪಿ ಆ ಕಾಲೇಜಿನ ಸೈಟನ್ನೂ ಸೇರಿಸಿಬಿಟ್ಟರೆ ನಷ್ಟ ನಿಮ್ಮದೇ.

ಹೊಸದಕ್ಕೆ, ಕೊಂಡಿ ಪುಟದಂಥದ್ದೇ ಇನ್ನೊಂದು ಮಾಡಿ. ಗೋಮಿ, ಪರಾಸ್‌ಪೇಟ್, ಗಾಡಿ ದಡಿಗಳನ್ನು ಪಕ್ಕಪಕ್ಕ ಇಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ನನ್ನ ಹೆಂಡತಿಗೆ ಇವತ್ತಿಗೂ ಅದರಲ್ಲಿ ಗೊಂದಲ, ಬರೆಯುವವರಿಗೂ ಇರುತ್ತೆ ಅಲ್ವಾ. ನಿಮ್ಮ ಫೋಟೊ ಬಳಸಿ ಲಿಂಕ್ ಕೊಡದವರಿದ್ದರೆ ಎರಡು ಸಾಲಿನ ಮೇಲ್ ಹಾಕಿ. ಲಿಂಕ್‌ನ ಪದ ಅವರಿಗೆ ತೋಚಿದಂತೆ ಇರಲಿ, ಎಲ್ಲರಿಂದಲೂ ‘ಬೆಸ್ಟ್ ಸ್ಯಾರೀಸ್’ ಅಂತ ಬರೆಸಬೇಡಿ. ಯಾರಿಗಾದರೂ ಸೀರೆ ಉಚಿತವಾಗಿ ಕೊಟ್ಟು ಬರೆಸಿದರೆ ಆ ಲಿಂಕ್‌ಗೆ ‘ಸ್ಪಾನ್ಸರ್ಡ್’ ಗುರುತು ಹಾಕಲು ಹೇಳಿ. 2019ರಿಂದ ಅದಕ್ಕೆಂದೇ ಒಂದು ಟ್ಯಾಗ್ ಇದೆ.

ಸೆರಗುದಡಿ:
ಆರು ವಾರದ ನಂತರ ಬರೆಯುತ್ತಿದ್ದೇನೆ. ಕೊಂಡಿ ಪುಟ ಮೊದಲ ಪುಟಕ್ಕೆ ಬಂದಿದೆ, ಎಂಟನೇ ಜಾಗ. ಮೊದಲಿನ ಮೂರನೇ ಜಾಗ ಇನ್ನೂ ಸಿಕ್ಕಿಲ್ಲ. ಫೋಟೊಗಳ ಹಳೆ ವಿಳಾಸ ಆರು ಬಾಕಿ ಇವೆ, ಈ ವಾರ ಮುಗಿಸುತ್ತೇನೆ.

ಕಾಲೇಜಿನವರಿಗೆ ಹೊಸ ವಿಳಾಸ ಕಳಿಸಿದ್ದೆ, ಬದಲಾಯಿಸಿಕೊಂಡರು. ಕೊಂಡಿ ಅರ್ಧ ಹಾಕಿದಾಗಿನ ಫೋಟೊ ಒಂದು ಬೇಕಂತೆ. ಅಪ್ಪ ಮುಂದಿನ ಹಾಸು ಹೂಡುವ ದಿನ ತೆಗೆದು ಕಳಿಸುತ್ತೇನೆ.