ಐ7-7700, ಜಿಟಿಎಕ್ಸ್ 1080 ಇರೋ ಹಳೇ ಗೇಮಿಂಗ್ ಪಿಸಿ ತಗೋಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಮಗನಿಗೆ ಗೇಮಿಂಗ್ ಪಿಸಿ ಬೇಕಂತೆ. ಪರಿಚಯದವರೊಬ್ಬರು ತಮ್ಮದನ್ನ ಮಾರ್ತಿದ್ದಾರೆ. ಐ7-7700 ಪ್ರೊಸೆಸರ್, ಜಿಟಿಎಕ್ಸ್ 1080 ಎಂಟು ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ. "ಆಗ ಟಾಪ್ ಎಂಡ್ ಇದು, ಅರ್ಧ ಬೆಲೆಗೆ ಕೊಡ್ತೀನಿ" ಅಂತಾರೆ. ತಗೊಳ್ಳಲಾ?

ಉತ್ತರ: ಅರ್ಧ ಬೆಲೆಗಾದ್ರೆ ಬೇಡ. ಅವರು ಆಗ ಎಷ್ಟು ಕೊಟ್ಟರು ಅನ್ನೋದು ನಿಮ್ಮ ಲೆಕ್ಕಕ್ಕೇ ಬರಬಾರದು. 7700 ಬಂದಿದ್ದು 2017ರಲ್ಲಿ, ಏಳನೇ ಜನರೇಷನ್. ವಿಂಡೋಸ್ 11 ಅಧಿಕೃತವಾಗಿ ಇದನ್ನ ಒಪ್ಪಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು. ಪ್ರೊಸೆಸರ್ ಒಂದನ್ನೇ ಬದಲಾಯಿಸೋಣ ಅಂದ್ರೆ, ಎಂಟನೇ ಜನರೇಷನ್‌ದೂ ಇದರ ಥರ 1151 ಸಾಕೆಟ್ಟೇ (ಪ್ರೊಸೆಸರ್ ಕೂರೋ ಜಾಗ), ಆದ್ರೆ ಆ ಮದರ್‌ಬೋರ್ಡಲ್ಲಿ ಓಡಲ್ಲ. ಅಂದ್ರೆ ಬೋರ್ಡೂ ಹೋಯ್ತು. ಇಂಥ ಪಿಸಿಯಲ್ಲಿ ಬೆಲೆ ಬಾಳೋದು ಗ್ರಾಫಿಕ್ಸ್ ಕಾರ್ಡ್ ಒಂದೇ. ಬಿಡಿಯಾಗಿ ಹಳೇ 1080 ಎಷ್ಟಕ್ಕೆ ಸಿಗುತ್ತೆ ನೋಡಿ, ಅದರ ಮೇಲೆ ಸ್ವಲ್ಪ ಸೇರಿಸಿ ಕೇಳಿ. ಒಪ್ಪಿದ್ರೆ ಸರಿ.

ಇನ್ನೊಂದು, ಮಗ ಏನು ಆಡ್ತಾನೆ ಕೇಳಿ. ಹಳೇ ಗೇಮ್‌ಗಳನ್ನ ಫುಲ್ ಎಚ್‌ಡಿಯಲ್ಲಿ 1080 ಈಗಲೂ ಆರಾಮಾಗಿ ಓಡಿಸುತ್ತೆ. 'ಡೂಮ್: ದ ಡಾರ್ಕ್ ಏಜಸ್' ಥರದ್ದಕ್ಕೆ ರೇ ಟ್ರೇಸಿಂಗ್ (ಬೆಳಕು ನೆರಳನ್ನ ನಿಜದ ಥರ ಲೆಕ್ಕ ಹಾಕೋದು) ಹಾರ್ಡ್‌ವೇರ್ ಬೇಕೇ ಬೇಕು, ಇದರಲ್ಲಿ ಅದಿಲ್ಲ.

ಮತ್ತೊಬ್ಬ ಸದಸ್ಯರು: ಕ್ರಿಪ್ಟೋ ಕರೆನ್ಸಿ ಮೈನಿಂಗ್‌ಗೆ ಹಗಲೂ ರಾತ್ರಿ ಓಡಿಸಿದ ಕಾರ್ಡ್ ಆದ್ರೆ ಮುಟ್ಟಲೇಬೇಡಿ.

ಉತ್ತರ: ಅಷ್ಟು ಹೆದರಬೇಕಿಲ್ಲ. ಒಂದೇ ಸಮನೆ ಓಡಿದ ಚಿಪ್‌ಗಿಂತ ಮೊದಲು ಫ್ಯಾನ್ ಸವೆಯುತ್ತೆ, ಚಿಪ್‌ನ ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ಒಣಗುತ್ತೆ. ಎರಡನ್ನೂ ಬದಲಾಯಿಸಬಹುದು. ಕಾರ್ಡಿನ ಮೆಮೊರಿ ಕೆಟ್ಟಿದ್ರೆ ಮಾತ್ರ ಬಿಟ್ಟುಬಿಡಿ.

ಪ್ರಶ್ನೆ: ಸರ್, ಕಾರ್ಡಿನ ಬೆಲೆಗೇ ಇಳಿದರು! ಹೋದಾಗ ಏನು ನೋಡಲಿ?

ಉತ್ತರ: "ಬರೋದರೊಳಗೆ ಆನ್ ಮಾಡಿಡಬೇಡಿ" ಅಂತ ಮೊದಲೇ ಹೇಳಿ. ಕೆಲವು ದೋಷ ಮೆಷಿನ್ ತಣ್ಣಗಿದ್ದಾಗ ಆನ್ ಮಾಡಿದ್ರಷ್ಟೇ ಕಾಣೋದು. ಪಕ್ಕದ ಪ್ಯಾನೆಲ್ ಬಿಚ್ಚಿಸಿ, ಧೂಳು ನೋಡಿ. ಧೂಳು ತಪ್ಪಲ್ಲ, ಆದ್ರೆ ಬಿಸಿ ಹೊರಹಾಕೋ ಹೀಟ್‌ಸಿಂಕ್ ಮಧ್ಯೆ ಗಟ್ಟಿಯಾಗಿ ಕೂತಿದ್ರೆ ವರ್ಷಗಟ್ಟಲೆ ಬಿಸಿಯಲ್ಲೇ ಓಡಿದೆ ಅಂತ. ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಹಾಕಿ ಕಾರ್ಡ್ ನಿಜಕ್ಕೂ 1080 ಹೌದೋ ನೋಡಿ. ಬಯೋಸ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ತಿದ್ದಿದ ನಕಲಿ ಕಾರ್ಡ್‌ಗಳು ಓಡಾಡ್ತಿವೆ. ಆಮೇಲೆ ಭಾರೀ ಗೇಮ್ ಒಂದನ್ನ ಅರ್ಧ ಗಂಟೆ ಓಡಿಸಿ, ಸ್ಕ್ರೀನ್ ಮೇಲೇ ಕಣ್ಣಿಡಿ. ಬಣ್ಣಬಣ್ಣದ ಸಣ್ಣ ಚೌಕಗಳು ಮಿನುಗಿದ್ರೆ, ಗೋಡೆಯ ಮೂಲೆಯಿಂದ ಉದ್ದ ತ್ರಿಕೋನ ಚಾಚಿಕೊಂಡ್ರೆ, ಎದ್ದು ಬನ್ನಿ. "ಡ್ರೈವರ್ ಪ್ರಾಬ್ಲಂ" ಅಂತಾರೆ, ನಂಬಬೇಡಿ. ಬಿಸಿ 83 ಡಿಗ್ರಿ ಆಸುಪಾಸಲ್ಲಿ ನಿಂತರೆ ಆ ಕಾರ್ಡಿಗೆ ಸಹಜ.

ಎಸ್‌ಎಸ್‌ಡಿ ಆರೋಗ್ಯ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರಲ್ಲಿ ಕಾಣುತ್ತೆ. ರ್‍ಯಾಮ್ ಜೋಡಿಯಾಗಿದ್ರೇ ವೇಗ, ಒಂದೇ ಸ್ಟಿಕ್ ಇದ್ರೆ ಚೌಕಾಸಿಗೆ ಅದೊಂದು ನೆಪ.

ಪವರ್ ಸಪ್ಲೈ ಬಗ್ಗೆ ನೀವೇನೂ ಬರೆದಿಲ್ಲ. ಮಾರೋರೂ ಸಾಮಾನ್ಯವಾಗಿ ಹೇಳಲ್ಲ, ಉಳಿತಾಯ ಮಾಡಿರೋದೇ ಅಲ್ಲಿ. ಅದರ ಮೇಲಿರೋ 80 ಪ್ಲಸ್ ಸ್ಟಿಕ್ಕರ್ ದಕ್ಷತೆಗಷ್ಟೇ ಕೊಡೋದು, ಗುಣಮಟ್ಟಕ್ಕಲ್ಲ. ಲೇಬಲ್‌ನ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳ್ತೀನಿ. ಅಲ್ಲೀತನಕ ಅಡ್ವಾನ್ಸ್ ಕೊಡಬೇಡಿ.