ರಷ್ಯಾ ವೀಸಾ: ಪ್ಲಾನ್ ಬದಲಾದರೆ ಏನು ಮಾಡಬೇಕು? ಸಲಹೆಗಾರರಿಗೆ ನಿಮ್ಮ ಪ್ರಶ್ನೆಗಳು

ದಾವಣಗೆರೆಯ ಸದಸ್ಯರು: ಮೇಡಂ, ಮಗಳು ಕಜಾನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ನಾನು, ನಮ್ಮ ಮನೆಯವರು ಇ-ವೀಸಾ ತೆಗೆದುಕೊಂಡಿದ್ದೇವೆ. ಮಾಸ್ಕೋ, ಕಜಾನ್, ಮತ್ತೆ ಮಾಸ್ಕೋ, ಊರಿಗೆ. ಈಗ ಮಗಳು ಮಧ್ಯೆ ನಾಲ್ಕು ದಿನ ಪಕ್ಕದ ದೇಶ ಕಜಾಕಿಸ್ತಾನದ ಅಲ್ಮಾಟಿ ನೋಡಿ ಬರೋಣ ಅನ್ನುತ್ತಿದ್ದಾಳೆ. ಕಜಾಕಿಸ್ತಾನಕ್ಕೆ ನಮಗೆ ವೀಸಾ ಬೇಡವಂತೆ. ಕಜಾನ್‌ನಲ್ಲಿ ಅವಳ ಬಾಡಿಗೆ ಮನೆಯಲ್ಲೇ ಇರುತ್ತೇವೆ.

ಸಲಹೆಗಾರರು: ಸರ್, ದಯವಿಟ್ಟು ಅಲ್ಮಾಟಿ ಟಿಕೆಟ್ ಈಗಲೇ ಮಾಡಬೇಡಿ. ಕಜಾಕಿಸ್ತಾನಕ್ಕೆ 14 ದಿನದವರೆಗೆ ವೀಸಾ ಬೇಡ, ನಿಜ. ತೊಂದರೆ ಇರುವುದು ವಾಪಸ್ ಬರುವಾಗ. ಇ-ವೀಸಾ ಒಂದೇ ಸಲದ ಪ್ರವೇಶಕ್ಕೆ. ರಷ್ಯಾದ ಗಡಿ ದಾಟಿದ ಕೂಡಲೇ ಅದು ಮುಗಿಯಿತು, ದಿನ ಎಷ್ಟು ಉಳಿದಿದ್ದರೂ ಅಷ್ಟೇ. ಅಲ್ಮಾಟಿಯನ್ನು ಕೊನೆಗೆ ಇಟ್ಟುಕೊಳ್ಳಿ, ಅಲ್ಲಿಂದಲೇ ದೆಹಲಿಗೆ ಹಾರಿ. ರೈಲಿನಲ್ಲಿ ಹೋಗುವುದಾದರೆ ಆ ಗಡಿ ಠಾಣೆ ಇ-ವೀಸಾ ಪಟ್ಟಿಯಲ್ಲಿದೆಯಾ ನೋಡಿ. ಪಟ್ಟಿಯಲ್ಲಿ ಇಲ್ಲದ ಕಡೆ ಹೊರಗೆ ಹೋಗಲೂ ಬಿಡುವುದಿಲ್ಲ. ಮಗಳ ವೀಸಾ ಮಲ್ಟಿ ಎಂಟ್ರಿ, ಅಂದರೆ ಹಲವು ಸಲ ಹೋಗಿ ಬರುವಂಥದ್ದು, ಅಲ್ವಾ? ಅದನ್ನೂ ನೋಡಿ.

ನನಗೆ ಜಾಸ್ತಿ ಚಿಂತೆ ಆ ಬಾಡಿಗೆ ಮನೆಯದು. ಹೋಟೆಲ್ ಆದರೆ ನಿಮ್ಮ ನೋಂದಣಿ, ಅಂದರೆ ನೀವು ಎಲ್ಲಿ ಉಳಿದಿದ್ದೀರಿ ಅಂತ ಅಲ್ಲಿನ ಸರ್ಕಾರಕ್ಕೆ ತಿಳಿಸುವುದು, ಅವರೇ ಮಾಡುತ್ತಾರೆ. ಮನೆಯಲ್ಲಿ ಉಳಿದರೆ 7 ಕೆಲಸದ ದಿನದೊಳಗೆ ಮನೆ ಮಾಲೀಕರು ಮಾಡಬೇಕು. ಬಾಡಿಗೆಗೆ ಇರುವ ಮಗಳು ಮಾಡಲು ಬರುವುದಿಲ್ಲ. ಮಾಲೀಕರು ಒಪ್ಪುತ್ತಾರಾ ಅಂತ ಹೊರಡುವ ಮುಂಚೆಯೇ ಕೇಳಿಸಿ. ಒಪ್ಪದಿದ್ದರೆ ಹೋಟೆಲ್ ಹಿಡಿಯಿರಿ. ಗಡಿಯಲ್ಲಿ ಕೊಡುವ ಮೈಗ್ರೇಷನ್ ಕಾರ್ಡ್ ಚೀಟಿ ಹೊರಗೆ ಬರುವವರೆಗೂ ಪಾಸ್‌ಪೋರ್ಟ್ ಜೊತೆಯೇ ಇರಲಿ.

ಮೈಸೂರಿನ ಸದಸ್ಯೆ: ಇ-ವೀಸಾದಲ್ಲಿ ರಷ್ಯಾದಲ್ಲಿ ಇರಬಹುದಾದದ್ದು 16 ದಿನವೋ 30 ದಿನವೋ?

ಸಲಹೆಗಾರರು: 30. ಆಗಸ್ಟ್ 2025ರಿಂದ. ವೀಸಾ ಚಾಲ್ತಿ 120 ದಿನ, ಆ 30 ದಿನ ಅದರೊಳಗೇ ಮುಗಿಯಬೇಕು.

ಹುಬ್ಬಳ್ಳಿಯ ಸದಸ್ಯರು: ಫಾರ್ವರ್ಡ್ ಬಂದಿದೆ ನೋಡ್ರಿ. ಭಾರತೀಯರಿಗೆ ರಷ್ಯಾ ವೀಸಾನೇ ಬೇಡವಂತೆ. ಮತ್ತೆ, ದಿನ ಮುಗಿದರೆ ಆಸ್ಪತ್ರೆ ಚೀಟಿ ತೋರಿಸಿದರೆ ಸಾಕಂತೆ.

ಸಲಹೆಗಾರರು: ಎರಡನ್ನೂ ಅಳಿಸಿ. ಗುಂಪು ಪ್ರವಾಸಕ್ಕೆ ವೀಸಾ ಬೇಡವೆನ್ನುವ ಮಾತುಕತೆ ನಡೆದಿದೆ, ಅಷ್ಟೇ. ಮಾತುಕತೆ ತೋರಿಸಿ ವಿಮಾನ ಹತ್ತಲು ಆಗುವುದಿಲ್ಲ. ಸುಮ್ನೆ ಒಂದು ಚೀಟಿ ತಂದರೆ ಇ-ವೀಸಾ ಮುಂದುವರಿಯುವುದಿಲ್ಲ. ದಿನ ಮೀರಿದರೆ ದಂಡ, ಕೋರ್ಟು, ಮುಂದೆ ಪ್ರವೇಶಕ್ಕೇ ತಡೆ ಬೀಳಬಹುದು. ಇಳಿದ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ, ರಾತ್ರಿ 11ಕ್ಕೆ ಇಳಿದರೂ ಅದು ಒಂದು ದಿನ. ಡ್ರೋನ್ ಭಯಕ್ಕೆ ಅಲ್ಲಿ ವಿಮಾನ ನಿಲ್ದಾಣಗಳನ್ನು ಆಗಾಗ ಮುಚ್ಚುತ್ತಾರೆ. ಕೊನೆಯ ದಿನದ ಟಿಕೆಟ್ ಯಾರೂ ಮಾಡಬೇಡಿ.

ಹುಬ್ಬಳ್ಳಿಯ ಸದಸ್ಯರು: ನಾ ಬರೀ ಕೇಳಿದೆ ರೀ.

ಉಡುಪಿಯ ಸದಸ್ಯೆ: ಪಾಸ್‌ಪೋರ್ಟಿನಲ್ಲಿ ನನಗೆ ಸರ್‌ನೇಮ್ ಇಲ್ಲ. ಫಾರ್ಮಿನಲ್ಲಿ ಏನು ತುಂಬಲಿ?

ತುಮಕೂರಿನ ಸದಸ್ಯರು: ಏಜೆಂಟ್ ಹತ್ರ ಕೊಡಿ, ಅವರೇ ತುಂಬುತ್ತಾರೆ.

ಬೆಂಗಳೂರಿನ ಸದಸ್ಯರು: ಯಾಕೆ ಕೊಡಬೇಕು? ಸರ್ಕಾರಿ ಸೈಟಿನಲ್ಲಿ ನಾನೇ ಮಾಡಿದೆ, 4 ದಿನಕ್ಕೆ ಬಂತು.

ತುಮಕೂರಿನ ಸದಸ್ಯರು: ಎಲ್ಲರಿಗೂ ನಿಮ್ಮಷ್ಟು ಕಂಪ್ಯೂಟರ್ ಬರಲ್ಲ. ನಮ್ಮ ಅಪ್ಪ ಅಮ್ಮ ಏನು ಮಾಡಬೇಕು?

ಬೆಂಗಳೂರಿನ ಸದಸ್ಯರು: ಮಗ ನೀವಿದ್ದೀರಲ್ಲ, ಮಾಡಿಕೊಡಿ.

ತುಮಕೂರಿನ ಸದಸ್ಯರು: ನಮ್ಮ ಮನೆ ವಿಷಯ ನಿಮಗೆ ಬೇಡ.

ಹಾಸನದ ಸದಸ್ಯರು: ವೀಸಾ ಆದ ಮೇಲೆ ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟು ಮುರ್ಮಾನ್ಸ್ಕ್‌ಗೆ ಹೋಗಬಹುದಾ? ನಮ್ಮ ಬ್ಯಾಂಕ್ ಕಾರ್ಡ್ ನಡೆಯುತ್ತಾ?

ಸಲಹೆಗಾರರು: ಹೋಗಬಹುದು. ಊರು ಬದಲಾದರೆ ತೊಂದರೆ ಇಲ್ಲ, ಗಡಿ ವಲಯಕ್ಕೆ ಮಾತ್ರ ಬೇರೆ ಅನುಮತಿ ಬೇಕು. ನಮ್ಮ ಬ್ಯಾಂಕಿನ ವೀಸಾ ಕಾರ್ಡ್, ಮಾಸ್ಟರ್ ಕಾರ್ಡ್ ಮಾರ್ಚ್ 2022ರಿಂದ ಅಲ್ಲಿ ನಡೆಯುವುದಿಲ್ಲ. ಡಾಲರ್ ನಗದು ಒಯ್ಯಿರಿ.

ಮಂಡ್ಯದ ಸದಸ್ಯರು: 16 ದಿನ ಅಲ್ವಾ ಮೇಡಂ?

ಸಲಹೆಗಾರರು: ಮೇಲೆ ಓದಿ.

ಕಲಬುರಗಿಯ ಸದಸ್ಯರು: ತಮ್ಮನಿಗೆ ಏಜೆಂಟ್ ಒಬ್ಬರು ಟೂರಿಸ್ಟ್ ವೀಸಾದಲ್ಲಿ ಹೋಗು, ಗೋದಾಮಿನಲ್ಲಿ ಕೆಲಸ, ಅಲ್ಲೇ ವೀಸಾ ಬದಲಾಯಿಸುತ್ತೇವೆ ಅಂದಿದ್ದಾರೆ.

ಸಲಹೆಗಾರರು: ಕಳಿಸಬೇಡಿ. ಇ-ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. 2024ರಲ್ಲಿ ನಿಮ್ಮ ಜಿಲ್ಲೆಯ ಹುಡುಗರೇ ಕೆಲಸ ಅಂತ ಹೋಗಿ ಯುದ್ಧದಲ್ಲಿ ಸಿಕ್ಕಿಕೊಂಡಿದ್ದರು, ಅಲ್ಲಿಂದ ಬಿಡಿಸಿ ತರಬೇಕಾಯಿತು. ರಷ್ಯನ್ ಭಾಷೆಯ ಯಾವ ಕಾಗದಕ್ಕೂ ಸಹಿ ಹಾಕಬಾರದು ಅಂತ ಹೇಳಿ. ದುಡ್ಡು ಕೊಟ್ಟಿದ್ದಾರಾ? ಪಾಸ್‌ಪೋರ್ಟ್ ಯಾರ ಹತ್ತಿರ ಇದೆ?

ಕಲಬುರಗಿಯ ಸದಸ್ಯರು: ಅಡ್ವಾನ್ಸ್ ಕೊಟ್ಟಾರ. ಪಾಸ್‌ಪೋರ್ಟ್ ಏಜೆಂಟ್ ಹತ್ರನೇ ಅದ.

ಸಲಹೆಗಾರರು: ಇವತ್ತೇ ಹೋಗಿ ಪಾಸ್‌ಪೋರ್ಟ್ ಕೇಳಿ. ಕೊಡದಿದ್ದರೆ ನೇರ ಪೊಲೀಸ್ ಠಾಣೆಗೆ. ನನಗೆ ಈಗಲೇ ಫೋನ್ ಮಾಡಿ. ಉಳಿದವರ ಪ್ರಶ್ನೆ ನಾಳೆ.