ಅಪ್‌ಡೇಟ್: ಆರ್‌ಎಕ್ಸ್-8ಗೆ ಯಾವ ಸ್ಪಾರ್ಕ್ ಪ್ಲಗ್ ಹಾಕಿದೆ

ಮಜ್ದಾ ಆರ್‌ಎಕ್ಸ್-8 ಅಂದರೆ ಪಿಸ್ಟನ್ ಬದಲು ತಿರುಗುವ ರೋಟರ್ ಇರುವ, ರೋಟರಿ ಎಂಜಿನ್ನಿನ ಕಾರು. ಅದರ ನಾಲ್ಕೂ ಪ್ಲಗ್ ಒಂದೇ ಹೀಟ್ ರೇಂಜ್‌ನದ್ದು (ಪ್ಲಗ್ ತುದಿಯ ಬಿಸಿ ಎಷ್ಟು ಬೇಗ ಹೊರಹೋಗುತ್ತದೆ ಎಂಬ ಅಳತೆ), ಅಂದರೆ 9 ನಂಬರ್, ಹಾಕಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ. ಕೊನೆಗೆ ಮಜ್ದಾ ಕಂಪನಿ ಹೇಳಿದ್ದನ್ನೇ ಹಾಕಿದೆ: ಕೆಳಗಿನ ಲೀಡಿಂಗ್ (ಮೊದಲು ಕಿಡಿ ಕೊಡುವ) ಎರಡಕ್ಕೆ ಎನ್‌ಜಿಕೆ ಬ್ರ್ಯಾಂಡಿನ ಆರ್‌ಇ7ಸಿ-ಎಲ್, ಮೇಲಿನ ಟ್ರೇಲಿಂಗ್ (ನಂತರ ಕಿಡಿ ಕೊಡುವ) ಎರಡಕ್ಕೆ ಆರ್‌ಇ9ಬಿ-ಟಿ.

ಎನ್‌ಜಿಕೆಯಲ್ಲಿ ಹೆಸರಿನೊಳಗಿನ ಈ ನಂಬರ್ (7, 9) ಹೆಚ್ಚಿದಷ್ಟೂ ಪ್ಲಗ್ ತಣ್ಣಗಿನದು. ಟರ್ಬೊ ಇರುವ ಆರ್‌ಎಕ್ಸ್-7ಗೆ, ಟ್ರ್ಯಾಕ್‌ನಲ್ಲಿ ಓಡಿಸುವವರು ನಾಲ್ಕೂ 9 ಹಾಕುವುದುಂಟು. ದಿನನಿತ್ಯದ ಓಡಾಟಕ್ಕೆ ಅದು ಬೇಡ. ರೋಟರಿಯಲ್ಲಿ ಎಂಜಿನ್ ಆಯಿಲ್, ಇಂಧನ ಉರಿಯುವ ಚೇಂಬರ್‌ನೊಳಗೇ ಹೋಗಿ ಉರಿಯುತ್ತದೆ. ಲೀಡಿಂಗ್ ಪ್ಲಗ್ ಸಾಕಷ್ಟು ಬಿಸಿಯಾಗದಿದ್ದರೆ ಮಸಿ ಸುಟ್ಟುಹೋಗದೆ ಕೂತು, ಸ್ಟಾರ್ಟಿಂಗ್ ಕಷ್ಟವಾಗುತ್ತದೆ.

ಪಿಸ್ಟನ್ ಎಂಜಿನ್ನಿನ ಪ್ಲಗ್ ಥ್ರೆಡ್ ಕೂತರೂ ಹಾಕಲೇಬೇಡಿ. ತುದಿ ಚೇಂಬರ್‌ನೊಳಗೆ ಚಾಚಿದರೆ ರೋಟರ್ ಮೂಲೆಗಳಲ್ಲಿರುವ ಏಪೆಕ್ಸ್ ಸೀಲ್ ಅದಕ್ಕೆ ಬಡಿಯುತ್ತದೆ, ಎಂಜಿನ್ನೇ ಹೋಗುತ್ತದೆ.

ಬದಲಿಸುವಾಗ: ಎಂಜಿನ್ ಪೂರ್ತಿ ತಣ್ಣಗಿರಲಿ, ಹೌಸಿಂಗ್ (ಪ್ಲಗ್ ಕೂರುವ ಎಂಜಿನ್ ಕವಚ) ಅಲ್ಯುಮಿನಿಯಂ, ಬಿಸಿಯಲ್ಲಿ ಥ್ರೆಡ್ ಕೆಡಬಹುದು. ಎಡಬದಿಯ ಮುಂದಿನ ಚಕ್ರ ಬಿಚ್ಚಿದರೆ ಕೈ ಆಡುತ್ತದೆ. ವೈರ್‌ಗಳಿಗೆ ಎಲ್1, ಎಲ್2, ಟಿ1, ಟಿ2 (ಎಲ್ ಲೀಡಿಂಗ್, ಟಿ ಟ್ರೇಲಿಂಗ್, 1-2 ರೋಟರ್ ನಂಬರ್) ಅಂತ ಟೇಪ್ ಅಂಟಿಸಿ, ಒಂದೊಂದೇ ಪ್ಲಗ್ ಬಿಚ್ಚಿ ಹಾಕಿ. ಮೊದಲ ಸುತ್ತುಗಳೆಲ್ಲ ಕೈಯಲ್ಲೇ ತಿರುಗಿಸಿ. ಬಿಗಿ ಅನಿಸಿದರೆ ಹಿಂದೆ ತಿರುಗಿಸಿ ಮತ್ತೆ ಕೂರಿಸಿ. ಕೊನೆಯ ಬಿಗಿತಕ್ಕೆ ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್). ಇರಿಡಿಯಂ ತುದಿಯ ಗ್ಯಾಪ್ (ಕಿಡಿ ಹಾರುವ ಸಂದು) ಮುಟ್ಟಬೇಡಿ.

ಐಡಲ್ ಈಗ ಸಮವಾಗಿದೆ. ಬಿಚ್ಚಿದ ಲೀಡಿಂಗ್ ಪ್ಲಗ್‌ಗಳ ಪಿಂಗಾಣಿ ಮೇಲೆ ಒದ್ದೆ ಕಪ್ಪು ಮಸಿ ಇತ್ತು, ಕಿಡಿ ದುರ್ಬಲವಾಗಿರಬಹುದು, ಹಾಗಾಗಿ ಮುಂದೆ ಪ್ಲಗ್‌ಗೆ ವಿದ್ಯುತ್ ಕೊಡುವ ಕಾಯಿಲ್‌ಗಳನ್ನೂ ಪರೀಕ್ಷಿಸುತ್ತೇನೆ.